ಈಜುಕೊಳದ ದಾನ

ಕೊಳ ತೊಳೆಯುವ ದಿನ ಬಂತು. ಈಜುಕೊಳಕ್ಕೆ ಸಂಭ್ರಮವೋ ಸಂಭ್ರಮ.

"ಹುಲ್ಲುಹಾಸೇ, ಇವತ್ತು ನನ್ನ ನೀರೆಲ್ಲ ನಿನಗೆ! ಮಿಕ್ಕಿದ್ದು ಗೋಡೆಯಾಚೆಯ ಕರಿಬೇವಿಗೆ! ನನ್ನಂಥ ದಾನಿ ಈ ಬೀದಿಯಲ್ಲೇ ಇಲ್ಲ!"

"ಬೇಗ ಬಾ ಮಹಾರಾಯ, ಬೇಗ ಬಾ!" ಎಂದು ಹುಲ್ಲು ಕುಣಿಯಿತು.

ಮಣ್ಣಿನಿಂದ ಎರೆಹುಳು ತಲೆ ಎತ್ತಿತು. "ಸ್ವಾಮಿ, ಒಂದು ಮಾತು. ನಿಮ್ಮ ನೀರಿನಲ್ಲಿ ಎಂದಾದರೂ ಕಪ್ಪೆ ಮೊಟ್ಟೆ ಇಟ್ಟಿದೆಯೇ?"

"ಛೀ! ದಿನಾ ಕ್ಲೋರಿನ್ ಕುಡಿಯುವವನು ನಾನು. ನನ್ನೊಳಗೆ ಒಂದು ಹುಳವೂ ಬದುಕಲಾರದು!"

"ನಾನೂ ಹುಳವೇ, ಸ್ವಾಮಿ. ಕ್ಲೋರಿನ್ ಬಿಟ್ಟು ಎಂಟು ದಿನ ಬಿಸಿಲು ಕಾಯಿಸಿಕೊಳ್ಳಿ. ಆಮೇಲೆ ನಿಧಾನವಾಗಿ ಬನ್ನಿ, ನಾನೇ ದಾರಿ ಕೊರೆದು ಕೊಡುತ್ತೇನೆ."

"ದಾನಕ್ಕೂ ಮುಹೂರ್ತ ನೋಡಬೇಕೇ?" ಎಂದು ಕೊಳ ಗಹಗಹಿಸಿ ನಕ್ಕಿತು. ಪಂಪು ಗುಡುಗಿತು. ನೀರು ಹುಲ್ಲನ್ನು ಮುಳುಗಿಸಿ, ಗೋಡೆಯ ಸಂದಿಯಿಂದ ಪಕ್ಕದ ಹಿತ್ತಲಿಗೆ ನುಗ್ಗಿತು. ಎರೆಹುಳು ತನ್ನ ಬಳಗವನ್ನು ಕೂಗುತ್ತಲೇ ಕೊಚ್ಚಿಹೋಯಿತು.

ವಾರದೊಳಗೆ ಹುಲ್ಲು ಹಳದಿಯಾಗಿ ಮಲಗಿತು. ಪಕ್ಕದ ಮನೆಯ ಕಮಲಾಕ್ಷಮ್ಮ ಸಾರಿನ ಒಗ್ಗರಣೆಗೆ ಕರಿಬೇವು ಕೀಳಲು ಬಂದರೆ ಕೈಗೆ ಸಿಕ್ಕಿದ್ದು ಬರೀ ಕಡ್ಡಿ. "ಅಯ್ಯೋ, ಯಾರ ಕಣ್ಣು ಬಿತ್ತೇ ನಿನ್ನ ಮೇಲೆ!" ಎಂದು ಅವರು ಗಿಡದ ಬುಡ ಸವರಿದರು.

ಅಷ್ಟರಲ್ಲಿ ಕೊಳ ಮತ್ತೆ ತುಂಬಿ ತುಳುಕುತ್ತಿತ್ತು. "ಗೆಳೆಯರೇ, ಬಾಡಿದ್ದೀರಲ್ಲ! ಇನ್ನೊಂದು ಸಲ ಕೊಡಲೇ?"

ಕರಿಬೇವು ಗೋಡೆಯಾಚೆಯಿಂದ ಕೂಗಿ ಹೇಳಿತು:

"ಮೊದಲು ಕಪ್ಪೆಯನ್ನು ಕರೆ, ದಾನಿಯೇ. ಅದು ನಿನ್ನೊಳಗೆ ಇಳಿದ ದಿನ ನಾವೂ ಕುಡಿಯುತ್ತೇವೆ."