ಮದುವೆಗೆ ವಿಮೆ ಮಾಡಿಸಿದವನು

"ಗುರುಗಳೇ, ಮಗಳ ಮದುವೆಗೆ ವಿಮೆ ಮಾಡಿಸಲೋ, ಬೇಡವೋ?"

ಶಿಷ್ಯ ರಂಗಶಾಮಯ್ಯ ಲಗ್ನಪತ್ರಿಕೆ ಕೊಡಲು ಬಂದಿದ್ದ. ತಾವು ತಪ್ಪದೆ ಬರಬೇಕು ಎಂದು ಕೈಮುಗಿದವನು ಏಳಲೇ ಇಲ್ಲ. ಏಜೆಂಟು ಕೊಟ್ಟ ಅರ್ಜಿ ಜೇಬಿನಲ್ಲಿತ್ತು. ಒಂದು ವಾರದಿಂದ ಅದನ್ನು ಬಿಡಿಸಿ ಮಡಿಸಿ, ಬಿಡಿಸಿ ಮಡಿಸಿ, ಕಾಗದ ಮಡಿಕೆಯಲ್ಲಿ ಹರಿಯುವಂತಾಗಿತ್ತು. ಮಳೆ ಬಂದರೆ? ಅಡುಗೆಯವರು ಕೈಕೊಟ್ಟರೆ? ಬಡಪಾಯಿಗೆ ಊಟವೂ ಸೇರುತ್ತಿರಲಿಲ್ಲ.

ಗುರುಗಳು ಪತ್ರಿಕೆಯನ್ನು ಪಕ್ಕಕ್ಕಿಟ್ಟು ಹೇಳಿದರು:

ಒಬ್ಬ ಬೆಲ್ಲದ ವ್ಯಾಪಾರಿಗೆ ಒಬ್ಬಳೇ ಮಗಳು. ಅವನೂ ನಿನ್ನಂತೆಯೇ ಹೆದರಿ ಅವಳ ಮದುವೆಗೆ ವಿಮೆ ಮಾಡಿಸಿದ. ಮಳೆ ಸುರಿದರೆ, ಚಪ್ಪರ ಬಿದ್ದರೆ, ಅಡುಗೆ ಕೆಟ್ಟರೆ, ಎಲ್ಲಕ್ಕೂ ಪರಿಹಾರವಿತ್ತು. ಏನೇ ಆದರೂ ಆ ಕ್ಷಣವೇ ಫೋಟೊ ತೆಗೆದಿಡಿ ಎಂದು ಏಜೆಂಟು ಹೇಳಿಹೋದ. ವ್ಯಾಪಾರಿ ಅಂದು ನೆಮ್ಮದಿಯಾಗಿ ಹೊಟ್ಟೆ ತುಂಬ ಉಂಡ.

ಮದುವೆಯ ದಿನ ಬಂತು. ಬೆಳಗಿನಿಂದ ಏನೂ ಕೆಡಲಿಲ್ಲ. ಮೊದಮೊದಲು ಅವನಿಗೆ ಸಂತೋಷವಾಯಿತು. ಹೊತ್ತೇರಿದಂತೆ ಕಸಿವಿಸಿ ಶುರುವಾಯಿತು. ಕಟ್ಟಿದ ಹಣ ದಂಡವಾಗುತ್ತಿದೆಯಲ್ಲ! ಚಪ್ಪರದ ಕಂಬ ಅಲ್ಲಾಡಿಸಿ ನೋಡಿದ. ಗಟ್ಟಿಯಾಗಿತ್ತು. ಅಡುಗೆಮನೆಗೆ ಹೋದ.

"ಭಟ್ರೇ, ಪಾಯಸ ತಳ ಹಿಡಿದಿಲ್ಲವೇ?"

"ಅಯ್ಯೋ ಯಜಮಾನ್ರೇ, ನಲವತ್ತು ವರ್ಷದಲ್ಲಿ ಒಂದು ಸಲವೂ ತಳ ಹಿಡಿಸಿದವನಲ್ಲ ನಾನು. ತಗೊಳ್ಳಿ, ರುಚಿ ನೋಡಿ."

ವ್ಯಾಪಾರಿ ರುಚಿ ನೋಡಿದ. ಬಹಳ ಚೆನ್ನಾಗಿತ್ತು. ಅವನ ಮುಖ ಹುಳ್ಳಗಾಯಿತು.

ಅಷ್ಟರಲ್ಲಿ ಪಶ್ಚಿಮಕ್ಕೆ ಒಂದು ಮೋಡ ಕಾಣಿಸಿತು. ಅವನಿಗೆ ಹೋದ ಜೀವ ಬಂದಂತಾಯಿತು. ಫೋನು ಹಿಡಿದು ಛತ್ರದ ತಾರಸಿ ಹತ್ತಿದ. ಮೊದಲ ಹನಿಯೇ ಫೋಟೊದಲ್ಲಿ ಬರಬೇಕೆಂದು ಕತ್ತೆತ್ತಿ ನಿಂತ. ಕೆಳಗೆ ಧಾರೆ ಎರೆಯಲು ಅವನನ್ನು ಕರೆದರು, ಹುಡುಕಿದರು. ವಾಲಗದ ಸದ್ದಿನಲ್ಲಿ ಅವನಿಗೆ ಒಂದೂ ಕೇಳಿಸಲಿಲ್ಲ. ಮಗಳು ಬಾಗಿಲ ಕಡೆಗೇ ನೋಡುತ್ತಿದ್ದಳು. ಮುಹೂರ್ತ ಮೀರುತ್ತದೆಂದು ಪುರೋಹಿತರು ಅವಸರಪಡಿಸಿದರು. ಕೊನೆಗೆ ವ್ಯಾಪಾರಿಯ ತಮ್ಮ ಧಾರೆ ಎರೆದುಕೊಟ್ಟ. ಮೋಡ ಒಂದು ಹನಿಯನ್ನೂ ಉದುರಿಸದೆ ಹೋಯಿತು.

ಮರುದಿನ ಏಜೆಂಟು ಬಂದು, ಏನಾದರೂ ನಷ್ಟವಾಯಿತೇ ಎಂದು ಕೇಳಿದ. ವ್ಯಾಪಾರಿ ಪಾಲಿಸಿಯನ್ನು ತಿರುವಿ ತಿರುವಿ ನೋಡಿದ. ಅವನ ಕಣ್ಣು ತುಂಬಿತ್ತು.

"ಇದರಲ್ಲಿ ಬರೆದದ್ದು ಯಾವುದೂ ಆಗಲಿಲ್ಲ" ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ರಂಗಶಾಮಯ್ಯ ಜೇಬಿನಿಂದ ಅರ್ಜಿ ತೆಗೆದು ಹರಿಯಲು ಹೊರಟ.

"ಹಾಗಾದರೆ ವಿಮೆ ಬೇಡ ಅಂತೀರಾ, ಗುರುಗಳೇ?"

ಗುರುಗಳು ನಕ್ಕರು. ಅವರು ಆಡಿದ್ದು ಒಂದೇ ಮಾತು. ಅದನ್ನು ಕೇಳಿದ ಮೇಲೆ ರಂಗಶಾಮಯ್ಯ ಅರ್ಜಿಯನ್ನು ಹರಿಯದೆ ಮತ್ತೆ ಮಡಿಸಿ ಜೇಬಿಗಿಟ್ಟ.

"ಬೇಕಾದರೆ ಮಾಡಿಸಪ್ಪ, ಮದುವೆಗೆ ನಾನಂತೂ ಬರುತ್ತೇನೆ, ನೀನೂ ತಪ್ಪದೆ ಬಾ."