ಹವಾಲ್ದಾರರ ಕುರ್ಚಿ ಎತ್ತಿದ ಜವರ

ಕೇಳ್ರಪ್ಪ, ನಮ್ಮ ಪಕ್ಕದೂರಲ್ಲಿ ಜವರ ಅಂತ ಒಬ್ಬ ಇದ್ದ. ಮೈಯಲ್ಲಿ ಜೋಡಿ ಎತ್ತಿನ ಬಲ, ತಲೇಲಿ ಮಾತ್ರ ಏನೂ ಇಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅವನವ್ವ ಕೆಂಪಾಜಮ್ಮ ಹಣೆ ಚಚ್ಚಿಕೊಂಡೇ ದಿನ ಕಳೆಯೋಳು.

ಆ ಊರಲ್ಲಿ ಪ್ರತಿ ಆಗಸ್ಟ್ ಹದಿನೈದಕ್ಕೆ ಮಿಲಿಟರಿಯಿಂದ ಬಂದೋರಿಗೆ ಶಾಲು ಹೊದಿಸೋರು. ಎಲ್ಲರಿಗೂ ಹೊದಿಸಿ ಆಗಿತ್ತು, ಹವಾಲ್ದಾರ್ ದೊಡ್ಡಯ್ಯ ಒಬ್ಬರನ್ನ ಬಿಟ್ಟು. ಅವರಿಗೆ ಒಂದು ಕಾಲಿಲ್ಲ. "ಊರೋರ ಮುಂದೆ ಕುಂಟಿಕೊಂಡು ಬರಲ್ಲ" ಅಂತ ವರ್ಷಗಟ್ಟಲೆ ಹೊಸ್ತಿಲು ದಾಟಿರಲಿಲ್ಲ. ಜವರನ ಅಪ್ಪ ಗಡೀಲಿ ಸತ್ತಾಗ ಅವನ ಟ್ರಂಕು ಹೊತ್ತು ತಂದೋರು ಇದೇ ದೊಡ್ಡಯ್ಯ. ಅವರ ಹೆಗಲ ಮೇಲೆ ಒಂದ್ಸಲ ಶಾಲು ನೋಡಬೇಕು ಅನ್ನೋದು ಕೆಂಪಾಜಮ್ಮನ ಆಸೆ.

ಆ ವರ್ಷ ಸಮಾರಂಭದ ಓಡಾಟ ಇವಳ ಪಾಲಿಗೆ ಬಂತು. "ಜವರ, ಹೂವಿನ ಹಾರ ತಾ" ಅಂದಳು. ತಂದ, ಕಂಕುಳಲ್ಲಿ ಅವುಚಿಕೊಂಡು. ಹಾರ ಹಿಪ್ಪೆ ಆಗಿತ್ತು.

"ಪೆದ್ದೆ, ನೀರು ಚಿಮುಕಿಸಿ ಒದ್ದೆ ಬಟ್ಟೇಲಿ ಸುತ್ತಿ ತರಬೇಕು ಕಣ್ಲಾ."

"ಆಯ್ತು ಕಣವ್ವ."

ಈ ಸಲನಾದ್ರೂ ದೊಡ್ಡಯ್ಯ ಬಂದಾರು ಅಂತ ಆಮೇಲೆ ಶಾಲು ತರೋಕೆ ಕಳಿಸಿದಳು. ನೀರು ಹಾಕಿ, ಒದ್ದೆ ಬಟ್ಟೇಲಿ ಸುತ್ತಿ ತಂದ.

"ಅಯ್ಯೋ ನನ್ ಕರ್ಮವೇ. ಚೆನ್ನಾಗಿ ಒದರಿ ತರಬೇಕು ಕಣ್ಲಾ."

"ಆಯ್ತು ಕಣವ್ವ."

ಆಮೇಲೆ ಮಜ್ಜಿಗೆ ಗಡಿಗೆ. ಬೀದೀಲಿ ಬೋರಲು ಹಾಕಿ ಚೆನ್ನಾಗಿ ಒದರಿ, ಬರೀ ಗಡಿಗೆ ತಂದ.

"ಇದ್ದದ್ದನ್ನ ಇದ್ದ ಹಾಗೇ ತರಬೇಕು ಕಣ್ಲಾ. ಒಂದು ಚೂರೂ ಕೆಳಗೆ ಬೀಳಬಾರದು."

"ಆಯ್ತು ಕಣವ್ವ."

ಆ ಊರಲ್ಲಿ ಸಮಾರಂಭ ಅಂದ್ರೆ ಮನೆಮನೆಯಿಂದ ಕುರ್ಚಿ ಬರಬೇಕು. ಅಧ್ಯಕ್ಷರಿಗೆ ಕೂರೋಕೆ ಕೈಕುರ್ಚಿ ಬೇಕಾಯ್ತು. ಅದು ಇದ್ದದ್ದು ಹವಾಲ್ದಾರರ ಮನೇಲಿ. ಜವರ ಹೋದ. ಕುರ್ಚೀಲಿ ದೊಡ್ಡಯ್ಯ ಕೂತಿದ್ರು. ಇದ್ದ ಹಾಗೇ ಎತ್ತಿ ತಲೆ ಮೇಲಿಟ್ಟುಕೊಂಡ.

"ಇಳಿಸ್ಲಾ ಕೆಳಗೆ" ಅಂತ ಗದರಿದರು ದೊಡ್ಡಯ್ಯ.

"ಒಂದು ಚೂರೂ ಕೆಳಗೆ ಬೀಳಬಾರದಂತೆ ತಾತ."

ಮೆರವಣಿಗೆ ಥರ ಶಾಲೆ ಬಯಲಿಗೆ ಬಂದು ವೇದಿಕೆ ಮೇಲೆ ಇಳಿಸಿದ. ಊರಿಗೆ ಊರೇ ಎದ್ದು ನಿಂತಿತು. ದೊಡ್ಡಯ್ಯನ ಮುಖ ಕೆಂಪಗಾಗಿತ್ತು. ಅಧ್ಯಕ್ಷರು ಗಡಿಬಿಡೀಲಿ ಶಾಲು ಎತ್ತಿಕೊಂಡರು. ಕೆಂಪಾಜಮ್ಮನಿಗೋ ಹವಾಲ್ದಾರರ ಮರ್ಯಾದೆ ಹೋಯ್ತಲ್ಲ ಅಂತ ಜೀವ ಬಾಯಿಗೆ ಬಂತು.

"ಎಲ್ಲಿಂದ ತಂದ್ಯೋ ಅಲ್ಲೇ ಮಡಗಿ ಬಾರ್ಲಾ" ಅಂದುಬಿಟ್ಟಳು.

"ಆಯ್ತು ಕಣವ್ವ" ಅಂದವನೇ ಮತ್ತೆ ಎತ್ತಿಕೊಂಡು ಹೊರಟ. ಹಿಂದೆ ಶಾಲು ಹಿಡಕೊಂಡು ಅಧ್ಯಕ್ಷರು, ಅವರ ಹಿಂದೆ ಊರೆಲ್ಲ. ಕೊನೆಗೆ ದೊಡ್ಡಯ್ಯನ ನಡುಮನೇಲೇ ಶಾಲು ಹೊದಿಸಿದ್ದಾಯ್ತು. ಶಾಲು ಇನ್ನೂ ತೊಟ್ಟಿಕ್ತಿತ್ತು. "ಇದೇನ್ರೀ ಒದ್ದೆ" ಅಂತ ಬೈದ ದೊಡ್ಡಯ್ಯನ ಕಣ್ಣೂ ಒದ್ದೆ ಆಗಿತ್ತು. ಕೆಂಪಾಜಮ್ಮ ಬಾಗಿಲಲ್ಲೇ ಕೂತು ಅತ್ತಳು, ಸಂತೋಷಕ್ಕೆ.

ಮನೆಗೆ ಬಂದ ಮೇಲೆ ಬೈಗುಳ ತಪ್ಪೀತಾ? "ಜನ ಕೂತಿರೋ ಕುರ್ಚಿ ಎತ್ತಬಾರದು ಕಣ್ಲಾ. ಖಾಲಿ ಆದ್ಮೇಲೆ ಎತ್ತಬೇಕು."

"ಆಯ್ತು ಕಣವ್ವ."

ಬೆಳಿಗ್ಗೆ ಜವರ ದೊಡ್ಡಯ್ಯನ ಮನೆಗೆ ಹೋಗಿ ಕುರ್ಚಿ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಪಾಪದ ಹುಡುಗ ಅಂತ ದೊಡ್ಡಯ್ಯ ಅವನಿಗೊಂದು ಚೂರು ಬೆಲ್ಲ ಕೊಡೋಕೆ ಊರುಗೋಲು ಊರಿ ಎದ್ದರು. ಕುರ್ಚಿ ಖಾಲಿ ಆಯ್ತು. ಜವರ ಎತ್ತಿಕೊಂಡು ನಡೆದೇಬಿಟ್ಟ.

"ಲೇ, ನನ್ ಕುರ್ಚಿ ಕಣ್ಲಾ" ಅಂತ ದೊಡ್ಡಯ್ಯ ಹಿಂದೇನೇ ಹೊರಟರು. ಹೊಸ್ತಿಲು ದಾಟಿದ್ದು ಗೊತ್ತಾಗಲಿಲ್ಲ, ಬೀದಿ ದಾಟಿದ್ದೂ ಗೊತ್ತಾಗಲಿಲ್ಲ. ಬೈಕೊಂಡು ಬೈಕೊಂಡು ಶಾಲೆ ಬಯಲಿಗೇ ಬಂದುಬಿಟ್ಟರು. ಅಲ್ಲಿ ಜವರ ಕುರ್ಚಿ ಇಟ್ಟ. ದೊಡ್ಡಯ್ಯ ಏದುಸಿರು ಬಿಡ್ತಾ ಕೂತು ಸುತ್ತ ನೋಡಿದರು. ಬಯಲ ಪಕ್ಕದ ಟೀ ಅಂಗಡಿ ಮುಂದೆ ಕೂತಿದ್ದೋರೆಲ್ಲ ಲೋಟ ಕೆಳಗಿಟ್ಟು ಎದ್ದು ನಿಂತಿದ್ದರು. ಯಾರೂ ನಗಲಿಲ್ಲ.

"ಇಲ್ಲೀಗಂಟ ನಾನೇ ನಡೆದು ಬಂದ್ನೇನ್ಲಾ?"

"ಹೂಂ ತಾತ. ನಾನು ಖಾಲಿ ಕುರ್ಚಿ ಮಾತ್ರ ತಂದಿದ್ದು."

ಟೀ ಕುಡಿದು ದೊಡ್ಡಯ್ಯ ಎದ್ದರೋ ಇಲ್ಲವೋ, ಜವರ ಕುರ್ಚಿ ಎತ್ತಿಕೊಂಡು ಮನೆ ಕಡೆ ಹೊರಟ. ದೊಡ್ಡಯ್ಯ ಊರುಗೋಲು ತಗೊಂಡು ಹಿಂದೆ ನಡೆದರು. ಈ ಸಲ ಬೈಯಲಿಲ್ಲ.