ಹಳ್ಳದಲ್ಲಿ ಸತ್ತ ಉಪ್ಪು

"ಕೇಳಿರಪ್ಪಾ ಹೊನ್ನೆಕೋಟೆಯ ಜನರೇ! ಅರಸರ ಕುದುರೆಗಳ ಜೀನಿಗೆ ಕೊಳೆತ ಚರ್ಮ ಕೊಟ್ಟ ದುರುಗಪ್ಪನಿಗೆ ಅಮಾವಾಸ್ಯೆಯಂದು ಶೂಲ! ಅದಕ್ಕೆ ಮುಂಚೆ ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!"

ಡಂಗುರ ಕೇಳಿ ಬಂಡಿಕಾರ ಬೊಮ್ಮು ಉಣ್ಣುತ್ತಿದ್ದ ಗಂಜಿಯನ್ನು ಕೆಳಗಿಟ್ಟ. ಕಡಲಾಚೆಯ ಆಗರಗಳಿಂದ ಹಡಗಿನಲ್ಲಿ ಬಂದ ಉಪ್ಪನ್ನು ಬಂಡಿಗೆ ಹೇರಿ, ಘಟ್ಟದ ಮೇಲೆ ಚರ್ಮ ಹದ ಮಾಡುವ ದುರುಗಪ್ಪನ ತೊಟ್ಟಿಗಳಿಗೆ ಮುಟ್ಟಿಸುವುದು ಅವನ ಕಸುಬು. ದಾರಿಯಲ್ಲಿ ಕೇದಗೆ ಹಳ್ಳ ಸಿಕ್ಕಾಗ ಮೂಟೆಗಳನ್ನು ಇಳಿಸಿ, ತಲೆಯ ಮೇಲೆ ಹೊತ್ತು ದಾಟಿಸಬೇಕು. ಆಮೇಲೆ ಬರಿ ಬಂಡಿ ಹೊಡೆಯಬೇಕು. ಬಂಡಿಕಾರರ ಕಟ್ಟಳೆ ಅದು. ಹೋದ ಸಲ ಬೊಮ್ಮು ಮೈಗಳ್ಳತನ ಮಾಡಿ, ಹೇರು ಸಮೇತ ಎತ್ತುಗಳನ್ನು ನೀರಿಗೆ ಇಳಿಸಿಬಿಟ್ಟ. ಅರ್ಧ ಉಪ್ಪು ಕರಗಿಹೋಯಿತು. ಹೆದರಿ, ಅಲ್ಲಿಯ ಬಿಳಿ ಮರಳನ್ನೇ ತುಂಬಿ ಮೂಟೆಗಳ ಬಾಯಿ ಹೊಲಿದ. ಉಂಡ ಮನೆಗೆ ಎರಡು ಬಗೆದಿದ್ದ ಪಾಪಿ! ಈಗ ಅವನ ಪಾಪಕ್ಕೆ ದುರುಗಪ್ಪ ಸಾಯಬೇಕಾಗಿತ್ತು. ಒಗಟು ಗೆದ್ದು ಆ ಜೀವವನ್ನು ಬೇಡಿಕೊಳ್ಳೋಣ, ತಪ್ಪು ಯಾರಿಗೂ ತಿಳಿಯದಿರಲಿ ಎಂದುಕೊಂಡು ಹೊರಟ.

ಸಭೆಯಲ್ಲಿ ದುರುಗಪ್ಪನನ್ನು ಕಂಬಕ್ಕೆ ಕಟ್ಟಿದ್ದರು. ಪದ್ಮಲೆ ಕೇಳಿದಳು: "ಬೀಜವಿಲ್ಲದ ಗದ್ದೆ. ಬಿಸಿಲು ಹೊಡೆದಷ್ಟೂ ಬೆಳೆ, ಮಳೆ ಬಂದರೆ ಬರ. ಏನದು?"

"ಹಪ್ಪಳ ಒಣಗಿಸುವ ಅಂಗಳ!" ಎಂದ ನೆರೆರಾಜ್ಯದ ರಾಜಕುಮಾರ, ಮೀಸೆ ತಿರುವುತ್ತಾ. ಭಟರು ಅವನನ್ನು ಎಳೆದೊಯ್ದರು. "ವೈರಾಗ್ಯ" ಎಂದ ಪಂಡಿತನೊಬ್ಬ. ಅವನನ್ನೂ ಎಳೆದೊಯ್ದರು. ಬೊಮ್ಮು ಮುಂದೆ ಬಂದ.

"ನಾ ಹೇಳ್ತೆ ತಾಯಿ. ಅದು ಉಪ್ಪಿನ ಆಗರ. ಬಿಸಿಲಿಗೆ ಕಡಲ ನೀರು ಆರಿದಷ್ಟೂ ಉಪ್ಪು."

"ಸರಿ. ಕಡಲನ್ನೇ ದಾಟಿ ಬರುತ್ತದೆ, ಮೊಣಕಾಲುದ್ದದ ಹಳ್ಳದಲ್ಲಿ ಸಾಯುತ್ತದೆ. ಯಾವುದು?"

ಬೊಮ್ಮು ಕಂಬದ ಕಡೆ ನೋಡದೆ ಹೇಳಿದ: "ಉಪ್ಪೇ ತಾಯಿ. ಹಡಗಿನೊಳಗೆ ಬೆಚ್ಚಗಿರ್ತದೆ. ಬಂಡಿಯವ ಸೋಮಾರಿಯಾದ್ರೆ ಹಳ್ಳದಲ್ಲಿ ಕರಗ್ತದೆ."

ಪದ್ಮಲೆ ಅವನನ್ನು ಒಮ್ಮೆ ದಿಟ್ಟಿಸಿದಳು. "ಬೇಕಿದ್ದರೆ ಇಲ್ಲಿಗೇ ನಿಲ್ಲಿಸಿ ಮನೆಗೆ ಹೋಗು, ತಲೆ ಉಳಿಯುತ್ತದೆ. ಇಲ್ಲವಾದರೆ ಕೇಳು. ಉಪ್ಪಿನ ಮೂಟೆಯಲ್ಲೇ ಬರುತ್ತದೆ. ತೊಟ್ಟಿಗೆ ಸುರಿದರೆ ಉಪ್ಪು ಕರಗುತ್ತದೆ, ಅದು ತಳದಲ್ಲಿ ಕೂರುತ್ತದೆ. ಯಾವುದು? ಎಲ್ಲಿಯದು?"

ಎಲ್ಲಿಯದೆಂದು ಬಲ್ಲವನು ಲೋಕದಲ್ಲಿ ಒಬ್ಬನೇ. ಬಾಗಿಲು ತೆರೆದೇ ಇತ್ತು. ಬೊಮ್ಮು ಬಾಗಿಲನ್ನು ನೋಡಿದ, ಕಂಬದತ್ತ ನೋಡಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

"ಮರಳು, ತಾಯಿ. ಕೇದಗೆ ಹಳ್ಳದ್ದು. ಈ ಕೈಯಾರೆ ತುಂಬಿದ್ದು ನಾನೇ. ಉಪ್ಪು ಸಾಲದೆ ಚರ್ಮ ಕೊಳೀತು, ದುರುಗಪ್ಪಣ್ಣಂದು ಏನೂ ತಪ್ಪಿಲ್ಲ. ಅವರನ್ನ ಬಿಡಿ. ನಾ ಬೇಡೂದು ಅಷ್ಟೇ."

"ತೊಟ್ಟಿಯ ತಳದಲ್ಲಿ ಮರಳು ಸಿಕ್ಕಿದಾಗಲೇ, ತುಂಬಿದವನು ತಾನಾಗಿ ಬಾಯಿ ಬಿಡಲೆಂದು ಈ ಒಗಟು ಕಟ್ಟಿದೆ" ಎಂದಳು ಪದ್ಮಲೆ. "ಮೂರನ್ನೂ ಬಿಡಿಸಿದ್ದೀಯ, ತಲೆ ನಿನ್ನದೇ. ಬಾಗಿಲು ತೆರೆದಿದ್ದರೂ ಓಡದವನಿಗೆ ಇಂದಿನಿಂದ ಉಪ್ಪಿನ ದಾರಿಯ ಯಜಮಾನಿಕೆ." ಬಲೆ ಬೀಸಿದ್ದು ಅವರಿಗಲ್ಲವಾದ್ದರಿಂದ ರಾಜಕುಮಾರನೂ ಪಂಡಿತನೂ ಬರಿ ಬೈಗುಳ ತಿಂದು ಪಾರಾದರು.

ಕಟ್ಟು ಬಿಚ್ಚಿದ ಕೂಡಲೇ ಬೊಮ್ಮು ದುರುಗಪ್ಪನ ಕಾಲು ಹಿಡಿದ. "ಹೊಡಿ ಅಣ್ಣಾ, ನನ್ನ ಹೊಡಿ."

ದುರುಗಪ್ಪ ಹೊಡೆಯಲಿಲ್ಲ. ಬಾಸುಂಡೆ ಎದ್ದ ಬೆನ್ನು ಬಗ್ಗಿಸಿ ಅವನ ಪಕ್ಕ ಕುಕ್ಕುರುಗಾಲಲ್ಲಿ ಕುಳಿತ. "ಹತ್ತು ದಿನ ಬಡಿದು ಕೇಳಿದ್ರೋ ತಮ್ಮಾ, ಉಪ್ಪು ಕೆಟ್ಟದ್ದಿತ್ತೇನು ಅಂತ. ನಮ್ಮ ಬೊಮ್ಮು ತಂದದ್ದು, ಕೆಟ್ಟದ್ದು ಇರೂದಿಲ್ಲ ಅಂತ ಹತ್ತು ದಿನಾನೂ ಹೇಳಿದೆ."

ಬೊಮ್ಮುವಿನ ತಲೆಯೇನೋ ಉಳಿಯಿತು. ಅದನ್ನು ಎತ್ತಿ ಆ ಮನುಷ್ಯನ ಮುಖ ನೋಡಲು ಮಾತ್ರ ಅವನಿಂದ ಆಗಲಿಲ್ಲ.